ಚೊಚ್ಚಲ ಕೃತಿಯ ಪಕ್ಷಪಾತ

ನ್ಯೂಯಾರ್ಕ್ ನಗರದ ಕ್ವೀನ್ಸ್‌ಬ್ರಿಜ್ ಎಂಬ ಬಡವರ ವಸತಿಯಲ್ಲಿ ಬೆಳೆದು ನಾಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ನಾಸಿರ್ ಜೋನ್ಸನ ಗೀತಸಂಪುಟಗಳಲ್ಲಿ ಉತ್ತಮವಾವುದು, ಅಧಮವಾವುದು ಎಂಬ ವಿವಾದವು ಅಮೆರಿಕೆಯ ಸಂಗೀತರಸಿಕರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಪ್ರಾಸಬದ್ಧವಾದ ಮಾತುಗಳನ್ನು ತಾಳಕ್ಕೆ ಹೊಂದಿಸಿ ನುಡಿಯುವ ರ್ಯಾಪ್ ಎಂಬ ಕಲೆಯಲ್ಲಿ ಈತನು ಅಗ್ರಗಣ್ಯರಲ್ಲೊಬ್ಬನೆಂಬುದನ್ನು ವಾದಿಪ್ರತಿವಾದಿಗಳಿಬ್ಬರೂ ಒಪ್ಪುವರು. ಆದರೆ ವಾದವು ಯಾವ ಕಡೆಯಿಂದ ಹೊರಟರೂ ಬಂದು ನಿಲ್ಲುವುದು ಒಂದೇ ಎಡೆಯಲ್ಲಿ. 1994ರ ‘ಇಲ್‌ಮ್ಯಾಟಿಕ್’ ಎಂಬ ಮೊದಲ ಸಂಪುಟವೇ ಸರ್ವೋತ್ತಮ, ಆಮೇಲಿನದೆಲ್ಲ ಇಳಿತ, ಆ ಇಳಿತದ ತಳವೇ 1999ರ ‘ನಾಸ್ಟ್ರಡಾಮಸ್’ ಎಂಬುದು ಬಹುಜನರ ತೀರ್ಪು. ಈ ತೀರ್ಪಿನಲ್ಲಿ ರಸಿಕತೆಗಿಂತ ಆಲಸ್ಯವೇ ಹೆಚ್ಚಾಗಿದೆ.

ಮೊದಲ ಕೃತಿಯು ಶ್ರೇಷ್ಠವೆಂಬುದರಲ್ಲಿ ವಿವಾದವಿಲ್ಲ. ಅದು ಹೊರಬಂದಾಗ ಕವಿಗೆ ಇಪ್ಪತ್ತು ವರ್ಷ. ಪೀಠಿಕೆಯೊಂದನ್ನು ಬಿಟ್ಟರೆ ಅದರಲ್ಲಿರುವುದು ಒಂಬತ್ತೇ ಹಾಡುಗಳು. ಎಲ್ಲ ಸೇರಿ ಸುಮಾರು ನಲವತ್ತು ನಿಮಿಷ. ‘ಒನ್ ಲವ್’ ಎಂಬ ಹಾಡು ಸೆರೆಮನೆಯಲ್ಲಿರುವ ಗೆಳೆಯರಿಗೆ ಬರೆದ ಓಲೆಗಳ ರೂಪದಲ್ಲಿದೆ. ಮಗ ಹುಟ್ಟಿದ ವಾರ್ತೆಯೇ ಮೊದಲಾಗಿ ಕೇರಿಯ ಸುದ್ದಿಗಳೆಲ್ಲ ಅದರಲ್ಲಿ ಬರುತ್ತವೆ. ಸಂದೇಶಕಾವ್ಯಗಳನ್ನು ಬಲ್ಲ ವಾಚಕರಿಗೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ದಿ ಸೋರ್ಸ್’ ಎಂಬ ಪತ್ರಿಕೆಯು ಈ ಸಂಪುಟಕ್ಕೆ ತನ್ನ ಪೂರ್ಣಾಂಕವಾದ ಐದು ಮೈಕುಗಳನ್ನು ಕೊಟ್ಟಿತು. 2021ರಲ್ಲಿ ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ಸು ರಕ್ಷಣೀಯವಾದ ಧ್ವನಿಮುದ್ರಣಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. ಇದೆಲ್ಲವೂ ಯುಕ್ತವೇ. ಆದರೆ ಅದೇ ಪತ್ರಿಕೆಯು 2001ರ ‘ಸ್ಟಿಲ್‌ಮ್ಯಾಟಿಕ್’ ಸಂಪುಟಕ್ಕೂ ಅದೇ ಪೂರ್ಣಾಂಕವನ್ನು ಕೊಟ್ಟಿತ್ತೆಂಬುದನ್ನು ಇಳಿತವಾದಿಗಳು ಬಾಯಿತಪ್ಪಿಯೂ ಹೇಳುವುದಿಲ್ಲ.

ಇನ್ನು ಇವರ ಮುಖ್ಯವಾದ ಆಕ್ಷೇಪವನ್ನು ಪರಿಶೀಲಿಸೋಣ. ನಾಸನ ಮಾತು ಸೊಗಸು, ಆದರೆ ತನಗೆ ತಕ್ಕ ಬೀಟುಗಳನ್ನು, ಅಂದರೆ ಹಿನ್ನೆಲೆಯ ತಾಳವಾದ್ಯಸಂಯೋಜನೆಗಳನ್ನು, ಆರಿಸಿಕೊಳ್ಳುವ ಕಿವಿ ಅವನಿಗಿಲ್ಲ; ಆದಕಾರಣ ಮುಂದಿನ ಸಂಪುಟಗಳು ಕೆಟ್ಟುವು ಎನ್ನುತ್ತಾರೆ. ಒಳ್ಳೆಯದು. ಮೊದಲ ಸಂಪುಟಕ್ಕೆ ಬೀಟುಗಳನ್ನು ಒದಗಿಸಿದವರು ಡಿಜೆ ಪ್ರೀಮಿಯರ್, ಪೀಟ್ ರಾಕ್, ಲಾರ್ಜ್ ಪ್ರೊಫೆಸರ್, ಕ್ಯೂ-ಟಿಪ್ ಮೊದಲಾದ ಆ ವಿದ್ಯೆಯ ಘನ ಕಲಾವಿದರು. ಅಲ್ಲಿ ಅವರು ಗಳಿಸಿದ ಕೀರ್ತಿಯನ್ನು ಕವಿಯ ಖಾತೆಗೆ ಜಮೆಮಾಡಿದ ಇವರು, ಮುಂದೆ ಬೇರೆಯವರ ಬೀಟು ಸೋತಾಗ ಅದನ್ನೂ ಕವಿಯ ಸಾಲವೆಂದು ಬರೆದು, ಕೊನೆಗೆ ಕವಿತ್ವವೇ ಕುಗ್ಗಿತೆಂದು ತೀರ್ಮಾನಿಸುತ್ತಾರೆ. ವಾದ್ಯದ ದೋಷವು ವಾದ್ಯದ್ದೇ ಆದರೆ ಮಾತಿನ ಗುಣವು ಉಳಿಯಿತಷ್ಟೆ? ಮಾತನ್ನು ಬೇರೆಯಾಗಿ ಕೇಳಿದ್ದರೆ ತಾನೆ ಅದು ಕುಗ್ಗಿತೋ ಹಿಗ್ಗಿತೋ ತಿಳಿಯುವುದು!

‘ನಾಸ್ಟ್ರಡಾಮಸ್’ ದುರ್ಬಲವಾದ ಸಂಪುಟವೇ ಸರಿ. ಅದರಲ್ಲಿ ಟಿಂಬಲಂಡನು ಸಂಯೋಜಿಸಿದ ‘ಯೂ ಓ ಮಿ’ ಎಂಬ ಹಾಡಂತೂ ಶೃಂಗಾರವೂ ಆಗದೆ ಹಾಸ್ಯವೂ ಆಗದೆ ನಿಂತಿದೆ. ಇದನ್ನೂ ಮಹಾಕೃತಿಯೆಂದು ಸಾಧಿಸಹೊರಡುವ ಭಕ್ತರು ಕವಿಗೆ ಉಪಕಾರವನ್ನೇನೂ ಮಾಡುತ್ತಿಲ್ಲ. ಆದರೆ ಈ ದೌರ್ಬಲ್ಯದ ಕಾರಣವನ್ನು ವಿಚಾರಿಸದೆ ದಂಡನೆ ವಿಧಿಸುವುದು ಅನ್ಯಾಯ. ಅದಕ್ಕೆ ಮೊದಲು ‘ಐ ಆ್ಯಮ್’ ಎಂಬ ಕೃತಿಯನ್ನು ಕವಿಯು ಎರಡು ಭಾಗಗಳ ದೊಡ್ಡ ಸಂಪುಟವಾಗಿ ಯೋಜಿಸಿದ್ದನು. ಪ್ರಕಟವಾಗುವ ಮುನ್ನವೇ ಅದರ ಅನೇಕ ಹಾಡುಗಳು ಅಂತರ್ಜಾಲದಲ್ಲಿ ಸೋರಿಹೋದುವು. ಸೋರಿದ್ದನ್ನು ತೆಗೆದುಹಾಕಿ, ಹೊಸತನ್ನು ಹೊಂದಿಸಿ, 1999ರ ಏಪ್ರಿಲಿನಲ್ಲಿ ಒಂದೇ ಭಾಗವಾಗಿ ಅದನ್ನು ಹೊರಡಿಸಬೇಕಾಯಿತು. ಅದಾದ ಏಳೇ ತಿಂಗಳಲ್ಲಿ ‘ನಾಸ್ಟ್ರಡಾಮಸ್’ ಹೊರಟಿತು. ಹೀಗೆ ಬದಿಗೆ ಬಿದ್ದ ಹಾಡುಗಳಲ್ಲಿ ಕೆಲವು 2002ರಲ್ಲಿ ‘ದಿ ಲಾಸ್ಟ್ ಟೇಪ್ಸ್’ ಎಂಬ ಸಂಗ್ರಹದಲ್ಲಿ ಬಂದಾಗ ಇದೇ ರಸಿಕರು ಅವುಗಳನ್ನು ತಲೆಯ ಮೇಲೆ ಹೊತ್ತುಕೊಂಡರು! ಬೆಳೆದು ನಿಂತ ಪೈರನ್ನು ಕಳ್ಳರು ಕೊಯ್ದೊಯ್ದ ಮೇಲೆ, ಈ ವರ್ಷ ಬೆಳೆಯೇಕೆ ತೆಳುವಾಯಿತೆಂದು ಒಕ್ಕಲಿಗನನ್ನು ಗದರಿಸಿದಂತಾಯಿತು. ಕದ್ದ ಕಾಳನ್ನು ಸವಿದವರಲ್ಲಿ ಗದರಿಸುವವರೂ ಇದ್ದಿರಬಹುದು, ಅದಿರಲಿ.

ಈ ಇಳಿತವಾದಕ್ಕೆ ಪ್ರಚಾರ ಹೆಚ್ಚಿದುದು ಹೇಗೆಂಬುದೂ ವಿಚಾರಾರ್ಹವಾಗಿದೆ. 2001ರಲ್ಲಿ ನಾಸನ ಪ್ರತಿಸ್ಪರ್ಧಿಯಾದ ಜೇ-ಝೀ ‘ಟೇಕೋವರ್’ ಎಂಬ ಹಾಡಿನಲ್ಲಿ, ಈತನ ಸಂಪುಟಗಳಲ್ಲಿ ಹುರುಳುಳ್ಳದ್ದು ಎಷ್ಟು ವರ್ಷಕ್ಕೊಂದು ಬಂದಿತೆಂದು ಲೆಕ್ಕಹಾಕಿ ಹಂಗಿಸಿದನು. ನಾಸನು ಅದೇ ವರ್ಷಾಂತ್ಯದಲ್ಲಿ ‘ಈಥರ್’ ಎಂಬ ಹಾಡಿನಿಂದ ಪ್ರತ್ಯುತ್ತರವಿತ್ತನು. 2005ರಲ್ಲಿ ಇಬ್ಬರೂ ರಂಗದ ಮೇಲೆ ರಾಜಿಯಾದರು. ಜಗಳವಾಡಿದವರು ಕೈಕೈ ಹಿಡಿದುಕೊಂಡು ಇಷ್ಟು ವರ್ಷಗಳು ಕಳೆದರೂ, ಜಗಳದ ಬಿಸಿಯಲ್ಲಿ ಹುಟ್ಟಿದ ಆ ಲೆಕ್ಕವನ್ನು ರಸಿಕರು ಶಾಸ್ತ್ರವಾಕ್ಯದಂತೆ ಉದ್ಧರಿಸುತ್ತಿದ್ದಾರೆ. ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯಗಳನ್ನು ಪ್ರಮಾಣಗಳೆಂದು ತಾರ್ಕಿಕರು ಹೇಳಿರುವರು. ಎದುರಾಳಿಯ ಬೈಗುಳವನ್ನು ಪ್ರಮಾಣವೆಂದವರನ್ನು ಕಾಣೆವು.

ಈಗ ಪ್ರತ್ಯಕ್ಷಕ್ಕೆ ಬರೋಣ. 1996ರ ‘ಇಟ್ ವಾಸ್ ರಿಟನ್’ ಸಂಪುಟದಲ್ಲಿ ‘ಐ ಗೇವ್ ಯೂ ಪವರ್’ ಎಂಬ ಹಾಡುಂಟು. ಅಲ್ಲಿ ಮಾತನಾಡುವುದು ಮನುಷ್ಯನಲ್ಲ, ಪಿಸ್ತೂಲು. ಕೈಯಿಂದ ಕೈಗೆ ಸಾಗಿ, ಕೊಂದು ಕೊಂದು ಬೇಸತ್ತ ಆ ಪಿಸ್ತೂಲು ಒಂದು ದಿನ ಸಿಡಿಯಲಾರೆನೆಂದು ಹಟಹಿಡಿಯುತ್ತದೆ. ಹಿಡಿದವನು ಸಾಯುತ್ತಾನೆ. ಬಿಡುಗಡೆಯಾಯಿತೆನ್ನುವಷ್ಟರಲ್ಲಿ ಇನ್ನೊಂದು ಕೈ ಅದನ್ನು ಎತ್ತಿಕೊಳ್ಳುತ್ತದೆ. ಅಚೇತನಕ್ಕೆ ಚೇತನವನ್ನಾರೋಪಿಸಿ ಕರುಣರಸವನ್ನು ಹೀಗೆ ಕೊನೆಯವರೆಗೆ ಕಾಯ್ದುಕೊಳ್ಳುವ ಬಂಧವು ‘ಇಲ್‌ಮ್ಯಾಟಿಕ್’ನ ಒಂಬತ್ತರಲ್ಲಿ ಎಲ್ಲಿದೆ? ‘ಸ್ಟಿಲ್‌ಮ್ಯಾಟಿಕ್’ನ ‘ರಿವೈಂಡ್’ ಕಥೆಯನ್ನು ಅಂತ್ಯದಿಂದ ಆದಿಯ ಕಡೆಗೆ ಹೇಳುತ್ತದೆ. ಅದೇ ಸಂಪುಟದ ‘ಒನ್ ಮೈಕ್’ನಲ್ಲಿ ಪಿಸುಮಾತಿನಂತೆ ಹೊರಟ ಧ್ವನಿಯು ಕೂಗಿನವರೆಗೆ ಏರುತ್ತದೆ, ಕೊನೆಯ ಚರಣದಲ್ಲಿ ಕೂಗಿನಿಂದ ಹೊರಟು ಶಾಂತಿಗೆ ಇಳಿಯುತ್ತದೆ. 2002ರಲ್ಲಿ ತಾಯಿ ತೀರಿಕೊಂಡ ವರ್ಷವೇ ಹೊರಬಂದ ‘ಡಾನ್ಸ್’ ಎಂಬ ಹಾಡಿನಲ್ಲಿ ಪದಾಡಂಬರವೆಲ್ಲ ಕಳಚಿಬಿದ್ದಿದೆ. ಮೊದಲ ಸಂಪುಟದ ಒಂದು ಹಾಡಿನ ಕೊನೆಯಲ್ಲಿ ಕಾರ್ನೆಟ್ ನುಡಿಸಿದ ತಂದೆ ಓಲು ಡಾರಾ, 2004ರ ‘ಬ್ರಿಡ್ಜಿಂಗ್ ದ ಗ್ಯಾಪ್’ನಲ್ಲಿ ಮಗನೊಡನೆ ತಾನೇ ಹಾಡಿದನು. ಇವು ಇಪ್ಪತ್ತರ ಹುಡುಗನಿಂದ ಆಗತಕ್ಕ ಕೆಲಸಗಳಲ್ಲ. ಆ ಹುಡುಗನ ಓಜಸ್ಸು ಬೇರೆ, ಈ ಪರಿಪಾಕ ಬೇರೆ.

ನಮ್ಮವರಿಗೂ ಈ ರೋಗ ಹೊಸತಲ್ಲ. ಶಾಕುಂತಲವನ್ನು, ಅದರಲ್ಲಿಯೂ ನಾಲ್ಕನೆಯ ಅಂಕವನ್ನು ಹೊಗಳುತ್ತ ಹೊಗಳುತ್ತ ಕಾಳಿದಾಸನ ಉಳಿದ ನಾಟಕಗಳನ್ನು ತೆರೆದೇ ನೋಡದ ಪಂಡಿತರುಂಟು. ಋತುಸಂಹಾರವು ಸಾಧಾರಣವಾಗಿ ಕಂಡುದರಿಂದಲೂ ಮಲ್ಲಿನಾಥನು ಅದಕ್ಕೆ ಟೀಕೆ ಬರೆಯದುದರಿಂದಲೂ ಅದು ಕಾಳಿದಾಸನದೇ ಅಲ್ಲವೆಂದವರೂ ಉಂಟು. ಪಾಠಶಾಲೆಯಲ್ಲಿ ಅಂಕ ಹಾಕುವವನಿಗೂ ಉತ್ತರಪತ್ರಿಕೆಯನ್ನು ಕಡೆಯ ಪುಟದವರೆಗೆ ಓದಬೇಕೆಂಬ ನಿಯಮವಿದೆ.

ನಾಸನ ಪತ್ರಿಕೆಯಲ್ಲಾದರೋ ಪುಟಗಳು ಬೆಳೆಯುತ್ತಲೇ ಹೋದುವು. ಹಿಟ್-ಬಾಯ್ ಎಂಬ ಒಬ್ಬನೇ ಸಂಯೋಜಕನೊಡನೆ ಸೇರಿ 2020ರಿಂದ 2023ರವರೆಗೆ ಈತನು ಆರು ಸಂಪುಟಗಳನ್ನು ಹೊರತಂದನು. ಬೀಟಿನ ಕಿವಿ ಇಲ್ಲವೆಂದವರಿಗೆ ಇದಕ್ಕಿಂತ ನೇರವಾದ ಉತ್ತರ ಬೇರೆ ಬೇಕಿರಲಿಲ್ಲ. ಮೊದಲನೆಯದಾದ ‘ಕಿಂಗ್ಸ್ ಡಿಸೀಸ್’ಗೆ 2021ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು, ಅಷ್ಟು ವರ್ಷಗಳಲ್ಲಿ ಅದೇ ಮೊದಲನೆಯದು. ಇಳಿತವಾದಿಗಳು ಒಡನೆಯೇ ದಾರಿ ಬದಲಿಸಿ, ಸಂಪುಟಗಳು ಮಿತಿಮೀರಿದುವು, ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲವೆಂದು ಹೊಸ ರಾಗ ತೆಗೆದರು. ಆರನೆಯದಾದ ‘ಮ್ಯಾಜಿಕ್ 3’ 2023ರ ಸೆಪ್ಟೆಂಬರ್ 14ರಂದು, ಕವಿಯ ಐವತ್ತನೆಯ ಹುಟ್ಟುಹಬ್ಬದ ದಿನ ಹೊರಬಂದಿತು. ಉತ್ತಮಾಧಮಗಳ ಪಟ್ಟಿ ಬರೆಯುವವರಲ್ಲಿ ಅದನ್ನು ಆದ್ಯಂತವಾಗಿ ಎರಡು ಸಲ ಕೇಳಿದವರು ಮಾತ್ರ ಇನ್ನು ಮುಂದಿನ ವಾದಕ್ಕೆ ಬರಲಿ.