ಊರಿಗೆ ಬೆಂಕಿ ಬಿದ್ದರೂ ಬಿಡದಿಗೆ ಸುದ್ದಿಯಿಲ್ಲ!

ಗೆಳೆಯರೇ, 2021ರ ಮೇ ಮೊದಲ ವಾರ ನೆನಪಿದೆಯೇ? ದಾವಣಗೆರೆಯ ಜಯದೇವ ಸರ್ಕಲ್ ಬಿಕೋ ಎನ್ನುತ್ತಿತ್ತು. ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಚಿಗಟೇರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುತ್ತದೋ ಇಲ್ಲವೋ ಎಂಬ ದಿಗಿಲು. ಸಿಲಿಂಡರ್ ಬೇಕಾದವರ ಕಣ್ಣೆಲ್ಲ ಹರಿಹರದ ಆಕ್ಸಿಜನ್ ಘಟಕದ ಮೇಲೆ. ಚಾಮರಾಜನಗರದಲ್ಲಿ ಆಕ್ಸಿಜನ್ ಇಲ್ಲದೆ 24 ಜನ ಸತ್ತರು ಎಂದರು. ಹೈಕೋರ್ಟ್ ನೇಮಿಸಿದ ಸಮಿತಿ ಲೆಕ್ಕ ಹಾಕಿದಾಗ ಅದು 36 ಆಯಿತು!

ಅದೇ ರಾತ್ರಿಗಳಲ್ಲಿ ನೀವು ಟಿ.ವಿ. ಹಾಕಿದಿರಿ. ಬಿಗ್ ಬಾಸ್ ಎಂಟನೇ ಆವೃತ್ತಿ. ಬಿಡದಿಯ ಆ ಮನೆಯಲ್ಲಿ ಅಡುಗೆಗೆ ಜಗಳ, ಟಾಸ್ಕಿಗೆ ಜಗಳ, ನಡುನಡುವೆ ಮಂಜು ಪಾವಗಡನ ನಗೆ. ನಾನೂ ನೋಡಿದೆ, ನಕ್ಕೆ. ಸುಳ್ಳು ಯಾಕೆ ಹೇಳಲಿ?

ಆದರೆ ನಾವು ಯಾರನ್ನು ನೋಡಿ ನಗುತ್ತಿದ್ದೆವು? ಫೆಬ್ರವರಿ 28ಕ್ಕೆ ಒಳಹೋದವರನ್ನು. ಆಗ ಸೋಂಕು ಇಳಿದಿತ್ತು, ಥಿಯೇಟರ್ ಬಾಗಿಲು ತೆರೆದಿತ್ತು. ಫೋನಿಲ್ಲ, ಪೇಪರಿಲ್ಲ ಎಂದು ಅವರು ಒಪ್ಪಿದ್ದು ಆ ದಿನದ ಲೋಕಕ್ಕೆ. ಏಪ್ರಿಲ್‌ನಲ್ಲಿ ವಾರಾಂತ್ಯಕ್ಕೆ ಬರುವ ಸುದೀಪ್ ಕೂಡ ಅನಾರೋಗ್ಯದಿಂದ ಬರಲಾಗಲಿಲ್ಲ. ಆಟ ಮಾತ್ರ ನಿಲ್ಲಲಿಲ್ಲ. ಒಳಗಿನವರಿಗೆ ಹೊರಗಿನ ಸ್ಥಿತಿ ಗೊತ್ತಿಲ್ಲ ಎಂದು ಮೇ 8ರಂದು, ಆಟ ನಿಲ್ಲಿಸುವ ನಿರ್ಧಾರ ತಿಳಿಸುವಾಗ, ವಾಹಿನಿಯ ಮುಖ್ಯಸ್ಥರೇ ಹೇಳಿದರು. ಅಷ್ಟರಲ್ಲಿ 70 ದಿನ ಆಗಿತ್ತು. ವಿಷಯ ತಿಳಿದಾಗ ಒಳಗಿನವರು ಅತ್ತರು. ಆ ಅಳುವೂ ಪ್ರಸಾರವಾಯಿತು!

‘ಅವರೇ ಪುಣ್ಯವಂತರು, ಸುರಕ್ಷಿತವಾಗಿದ್ದರಲ್ಲ’ ಎನ್ನುವಿರಾ? ಇರಬಹುದು. ಅವರ ಅಪ್ಪ ಅಮ್ಮ? ನಿಮ್ಮ ತಂದೆ ಹರಿಹರದಲ್ಲಿ ಉಸಿರಿಗೆ ಒದ್ದಾಡುತ್ತಿರುವಾಗ ನೀವು ಬಿಡದಿಯಲ್ಲಿ ಕುಣಿಯುತ್ತಿದ್ದೀರಿ ಎಂದುಕೊಳ್ಳಿ. ಆಮೇಲೆ ಮಾತಾಡೋಣ.

ಜರ್ಮನಿಯಲ್ಲೂ ಇದೇ ಆಯಿತು. 2020ರ ಫೆಬ್ರವರಿಯಲ್ಲಿ ಶುರುವಾದ ಬಿಗ್ ಬ್ರದರ್ ಮನೆಗೆ ಮೊದಲು ವಿಷಯ ಮುಚ್ಚಿಟ್ಟರು. ಜನ ಬೈದ ಮೇಲೆ ಮಾರ್ಚ್ 17ರಂದು ನೇರಪ್ರಸಾರದಲ್ಲೇ, ವೈದ್ಯರನ್ನು ಜೊತೆಗಿಟ್ಟುಕೊಂಡು, ಹೇಳಿದರು. ನಮ್ಮವರಿಗೆ ಈ ಪಾಠ ಒಂದು ವರ್ಷ ಮೊದಲೇ ಸಿಕ್ಕಿತ್ತು.

ಹೊರಗಿದ್ದ ನಮಗಾದರೂ ಎಲ್ಲ ತಿಳಿಯುತ್ತಿತ್ತೇ? ಏಪ್ರಿಲ್ 28ಕ್ಕೆ 18 ದಾಟಿದವರ ಲಸಿಕೆ ನೋಂದಣಿ ತೆರೆಯಿತು. ಕೋವಿನ್ ಪುಟ ಇಂಗ್ಲಿಷಿನಲ್ಲಿ! ಕನ್ನಡ ಬಂದದ್ದು ಜೂನ್ ಮೊದಲ ವಾರ. ಅಷ್ಟೂ ದಿನ ಇಂಗ್ಲಿಷ್ ಬಾರದ ಕನ್ನಡಿಗನ ಕೈಯಲ್ಲಿ ಫೋನಿದ್ದೂ ಅವನು ಕಿಟಕಿಯಿಲ್ಲದ ಮನೆಯೊಳಗೇ ಇದ್ದ. ಅವನನ್ನು ಯಾವ ಕ್ಯಾಮೆರಾವೂ ತೋರಿಸಲಿಲ್ಲ.

ಜೂನ್ 14ಕ್ಕೆ ಉಳಿದ ಕಡೆ ಸಡಿಲಿಕೆ ಸಿಕ್ಕಾಗಲೂ ಬೀಗ ತೆಗೆಯದ 11 ಜಿಲ್ಲೆಗಳಲ್ಲಿ ನಮ್ಮ ದಾವಣಗೆರೆಯೂ ಒಂದು. 23ಕ್ಕೆ ಬಿಗ್ ಬಾಸ್ ಮತ್ತೆ ಶುರು, ಹೆಸರು ‘ಎರಡನೇ ಇನ್ನಿಂಗ್ಸ್’. ಆಗಸ್ಟ್ 8ಕ್ಕೆ ಮಂಜು ಗೆದ್ದ. ಸಂತೋಷವೇ.

ಈಗ ವಾಹಿನಿಗಳಿಗೆ ನೀವು ಒಂದು ಕಾಗದ ಬರೆಯಿರಿ. ನಾಡಿಗೆ ಆಪತ್ತು ಬಂದ ದಿನವೇ ಒಳಗಿರುವವರಿಗೆ ಸುದ್ದಿ ಮುಟ್ಟಬೇಕು, ಮನೆಯವರ ಜೊತೆ ಫೋನಿನಲ್ಲಿ ಮಾತಾಡಿಸಬೇಕು, ಇರುವುದೋ ಹೊರಡುವುದೋ ಅವರೇ ಹೇಳಲಿ. ಕರಾರುಪತ್ರದಲ್ಲಿ ಇದು ಅಚ್ಚ ಕನ್ನಡದಲ್ಲಿ ಇರಲಿ.