ಟೀವಿ ಮುಗಿಸಿದರೆ ಕತೆ ಮುಗಿಯಿತೇ?

2019ರಲ್ಲೇ ಟೀವಿ ಧಾರಾವಾಹಿ ಅಂತ್ಯ ತೋರಿಸಿಯಾಗಿದೆ, ಮೂಲ ಕಾದಂಬರಿಗಳ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಅಭಿಮಾನಿಗಳು ಕತೆಯ ಬಗ್ಗೆ ಇನ್ನೂ ಊಹೆ ಕಟ್ಟುತ್ತ ಕೂರುವುದು ದಂಡ ಎಂದು ವಾದಿಸಿದ ಲೇಖನ ಓದಿದೆ. ಬರೆದವರು ಪುಸ್ತಕಗಳನ್ನು ತೆರೆದಂತೆ ಕಾಣುವುದಿಲ್ಲ. ನೆಡ್ ಸ್ಟಾರ್ಕ್‌ನ ಸತ್ತ ಹೆಂಡತಿ ಕ್ಯಾಟ್ಲಿನ್ ಎದ್ದು ಬಂದು ಸೇಡಿಗಾಗಿ ಜನರನ್ನು ನೇಣಿಗೇರಿಸುವುದು, ರಾಜಕುಮಾರ ರೇಗಾರನ ಮಗ ತಾನೇ ಎನ್ನುವ ಏಗಾನ್ ಸೈನ್ಯದೊಂದಿಗೆ ಕತೆಯ ನಾಡಾದ ವೆಸ್ಟರೋಸ್‌ನಲ್ಲಿ ಬಂದಿಳಿಯುವುದು, ಈ ಎರಡು ಎಳೆಗಳೂ ಧಾರಾವಾಹಿಯಲ್ಲಿ ಇಲ್ಲವೇ ಇಲ್ಲ. ಸಿಂಹಾಸನಕ್ಕೆ ಇನ್ನೊಬ್ಬ ಹಕ್ಕುದಾರನಿರುವ ಕತೆಯೂ ಅವನಿಲ್ಲದ ಕತೆಯೂ ಒಂದೇ ರೀತಿ ಮುಗಿಯಬೇಕೆಂದು ಯಾರು ಹೇಳಿದರು?

ಊಹೆಗಳೆಲ್ಲ ಹುಚ್ಚಾಟವೆಂದೂ ಅವರ ತೀರ್ಪು. ಕೆಲವು ಹೌದು, ಓದಿ ನಾನೂ ನಕ್ಕಿದ್ದೇನೆ. ಆದರೆ ಜಾನ್ ಸ್ನೋ ನೆಡ್ ಸ್ಟಾರ್ಕ್‌ನ ಮಗನಲ್ಲ, ನೆಡ್‌ನ ತಂಗಿ ಲಿಯಾನಾ ಮತ್ತು ರೇಗಾರ್ ದಂಪತಿಯದೋ ಪ್ರೇಮಿಗಳದೋ ಕೂಸು ಎಂದು ಓದುಗರು 1990ರ ದಶಕದಲ್ಲೇ ಹೇಳಿದ್ದರು. ಅವರ ಬಳಿ ಇದ್ದದ್ದು 1996ರ ಮೊದಲ ಸಂಪುಟದ ಸುಳಿವುಗಳು: ನೆಡ್ ಕಂಡ ಕನಸು, ನೀಲಿ ಗುಲಾಬಿಗಳು, ಸಾಯುವ ತಂಗಿಗೆ ಕೊಟ್ಟ ಮಾತು. ಧಾರಾವಾಹಿ ಅದನ್ನು ತೋರಿಸಿದ್ದು 2016ರಲ್ಲಿ. ಇದು ಕಣಿ ಹೇಳಿದ್ದಲ್ಲ ಸ್ವಾಮಿ, ಗಮನವಿಟ್ಟು ಓದಿದ್ದು.

2011ರ ಐದನೆಯ ಸಂಪುಟದ ನಂತರ ಮುಂದಿನದಕ್ಕಾಗಿ ಕಾದು ಬೇಸತ್ತಿದ್ದರೆ ಆ ಸಿಟ್ಟು ಮಾರ್ಟಿನ್ ಮೇಲೆ ಇರಲಿ. ಓದುಗರನ್ನು ಬೈಯುವುದೇಕೆ?