ಡಿಜೆ ಅಂದರೆ ಗಾಡಿಯೋ, ಹುಡುಗನೋ? ಹಬ್ಬದ ಮೊದಲೇ ಉತ್ತರ ಬೇಕು

ಬಗದಲ್: ಬೀದರ್, ಭಾಲ್ಕಿ, ಔರಾದ್ ಕಡೆಯ ಯಾವ ಊರಲ್ಲಾದರೂ ಮೆರವಣಿಗೆ ದಿನ 'ಡಿಜೆ ಬಂತೇನು?' ಎಂದು ಕೇಳಿ ನೋಡಿ. 'ಬಂತು, ಅಗಸಿ ಬಲ್ಲಿ ನಿಂತದ' ಎಂಬ ಉತ್ತರ ಬರುತ್ತದೆ. ಬಂದದ್ದು ಮನುಷ್ಯ ಅಲ್ಲ, ಗಾಡಿ. ಹಿಂದೆ ಜನರೇಟರ್, ಮೇಲೆ ಬೇಸ್ ಡಬ್ಬಿ, ಅದರ ಮೇಲೆ ಲೈಟು. ಹೊರಗಿನ ಊರುಗಳಲ್ಲಿ ಡಿಜೆ ಅಂದರೆ ಡಿಸ್ಕ್ ಜಾಕಿ. ಅಂದರೆ ಹಾಡಿಗೆ ಹಾಡು ಕೂಡಿಸಿ ಜನರನ್ನು ಕುಣಿಸುವ ವ್ಯಕ್ತಿ. ನಮ್ಮಲ್ಲಿ ಆ ವ್ಯಕ್ತಿಗೆ ಬರೀ 'ಆಪರೇಟರ್' ಎನ್ನುತ್ತಾರೆ, ಅದೂ ಹಾಡು ನಿಂತಾಗ ಮಾತ್ರ.

ಇದು ಬರೀ ಮಾತಿನ ವ್ಯತ್ಯಾಸ ಅಲ್ಲ. ಪ್ರತಿ ಹಬ್ಬಕ್ಕೂ 'ಡಿಜೆ ಬೇಕು', 'ಡಿಜೆ ಬೇಡ' ಎಂಬ ಜಗಳ ನಡೆಯುತ್ತದೆ. ಆ ಜಗಳ ಗಾಡಿಯ ಸುತ್ತಲೇ ತಿರುಗುತ್ತದೆ. ಗಾಡಿ ಹಿಂದೆ ನಿಂತ ಹುಡುಗನ ಕಿವಿ, ಸಾಲ, ಕೇಸು ಯಾರ ಲೆಕ್ಕಕ್ಕೂ ಬರುವುದಿಲ್ಲ.

ರಾಟರ್‌ಡ್ಯಾಮ್‌ನ ಹುಡುಗರು, ನಮ್ಮ ಹುಡುಗರು

1990ರ ದಶಕದ ಶುರುವಿನಲ್ಲಿ ನೆದರ್ಲೆಂಡ್ಸ್‌ನ ಬಂದರು ನಗರ ರಾಟರ್‌ಡ್ಯಾಮ್‌ನಲ್ಲಿ 'ಗ್ಯಾಬರ್' ಎಂಬ ಹಾರ್ಡ್‌ಕೋರ್ ಸಂಗೀತ ಬೆಳೆಯಿತು. ನಿಮಿಷಕ್ಕೆ 160ಕ್ಕೂ ಹೆಚ್ಚು ಬಡಿತ, ಎದೆ ನಡುಗಿಸುವ ಬೇಸ್. ದೊಡ್ಡ ಸಂಗೀತ ಕಂಪನಿಗಳು ಇದನ್ನು ಸಂಗೀತ ಅಂತಲೇ ಒಪ್ಪಲಿಲ್ಲ. ಆಗ ಡಿಜೆ ಪೌಲ್ ಎಲ್ಸ್‌ಟಾಕ್ 1992ರಲ್ಲಿ 'ರಾಟರ್‌ಡ್ಯಾಮ್ ರೆಕಾರ್ಡ್ಸ್' ಎಂಬ ಸ್ವಂತ ಕಂಪನಿ ಕಟ್ಟಿದರು. ಅದೇ ವರ್ಷ ಶುರುವಾದ 'ಥಂಡರ್‌ಡೋಮ್' ಎಂಬ ಕುಣಿತದ ಕೂಟಕ್ಕೆ ಸಾವಿರಾರು ಹುಡುಗರು ಬರತೊಡಗಿದರು.

ಬ್ರಿಟನ್ನಿನಲ್ಲಿ ಇದೇ ಹೊತ್ತಿಗೆ ಹೊಲ, ಗೋದಾಮುಗಳಲ್ಲಿ ರಾತ್ರಿಯಿಡೀ ಕುಣಿತ ನಡೆಯುತ್ತಿತ್ತು. ಅದನ್ನು ತಡೆಯಲು 1994ರಲ್ಲಿ ಕಾನೂನೇ ಬಂತು. ಮತ್ತೆ ಮತ್ತೆ ಒಂದೇ ರೀತಿ ಬಡಿಯುವ ಸಂಗೀತ ಎಂಬ ವಿವರಣೆಯನ್ನೂ ಆ ಕಾನೂನಿನಲ್ಲಿ ಬರೆದರು.

ಅಲ್ಲಿ 'ಅಂಡರ್‌ಗ್ರೌಂಡ್' ಅಂದರೆ ಕಣ್ಣಿಗೆ ಬೀಳದ ಜಾಗ. ನಮ್ಮಲ್ಲಿ ಎಲ್ಲವೂ ನಡುರಸ್ತೆಯಲ್ಲೇ. ಗಣೇಶ ವಿಸರ್ಜನೆ, ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ಶಿವಾಜಿ ಜಯಂತಿ, ಮದುವೆ ಮೆರವಣಿಗೆ, ಎಲ್ಲದಕ್ಕೂ ಡಿಜೆ ಬೇಕು. ಹಲಗಿಯ ಬಡಿತವನ್ನು ಕಂಪ್ಯೂಟರಿಗೆ ಹಾಕಿ, ಮರಾಠಿ, ಹಿಂದಿ, ತೆಲುಗು ಹಾಡಿನ ಕೆಳಗೆ ಕೂಡಿಸಿ, ವೇಗ ಏರಿಸುವ ಹುಡುಗ ಮಾಡುವ ಕೆಲಸ ರಾಟರ್‌ಡ್ಯಾಮ್ ಹುಡುಗರ ಕೆಲಸಕ್ಕಿಂತ ಬೇರೆ ಅಲ್ಲ. ಆದರೆ ಅವರಿಗೆ ಹೆಸರು ಸಿಕ್ಕಿತು, ಇವನ ಗಾಡಿಗೆ ಹೆಸರು ಸಿಕ್ಕಿತು.

ಕಾಗದದ ಮೇಲಿನ 65 ಡೆಸಿಬಲ್

ಈಗ ಕಾನೂನು ನೋಡೋಣ. ಶಬ್ದ ಮಾಲಿನ್ಯ ನಿಯಮಗಳು 2000ನೇ ಇಸವಿಯಿಂದ ಇವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಬಹುದು; ಅಲ್ಲಿ ಹಗಲಲ್ಲೂ 50. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಇದನ್ನೇ ಸುಪ್ರೀಂ ಕೋರ್ಟ್ 2005ರಲ್ಲಿ ಗಟ್ಟಿ ಮಾಡಿತು. ಹಬ್ಬಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ರಾಜ್ಯ ಸರಕಾರ ಸಡಿಲಿಕೆ ಕೊಡಬಹುದು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೇ ಬೇಕು ಎಂದು 2022ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರಕಾರ ಮತ್ತೆ ನೆನಪಿಸಿತು.

ಇನ್ನೊಂದು ಸಾಲು ಇದೆ, ಇಡೀ ದಂಧೆ ನಿಂತಿರುವುದು ಅದರ ಮೇಲೆ. ಸಾರ್ವಜನಿಕ ಜಾಗದ ಅಂಚಿನಲ್ಲಿ ಧ್ವನಿವರ್ಧಕದ ಶಬ್ದ ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಸತಿ ಗಲ್ಲಿಯಲ್ಲಿ ಹಗಲು ಲೆಕ್ಕ ಹಾಕಿದರೆ 65 ಡೆಸಿಬಲ್. ಅಂದರೆ ನಾಲ್ಕು ಮಂದಿ ಕಟ್ಟೆ ಮೇಲೆ ಕೂತು ಜೋರಾಗಿ ಮಾತಾಡಿದಷ್ಟು.

ಡಿಜೆ ಗಾಡಿ 65 ಡೆಸಿಬಲ್‌ನಲ್ಲಿ ಬಾರಿಸುವುದಿಲ್ಲ. ಇದು ಮಂಡಳಿಯವರಿಗೂ ಗೊತ್ತು, ಅನುಮತಿ ಕೊಡುವವರಿಗೂ ಗೊತ್ತು, ಗಾಡಿ ಮಾಲೀಕನಿಗೂ ಗೊತ್ತು. ಎಲ್ಲರೂ ಕಣ್ಣು ಮುಚ್ಚಿಕೊಂಡಿರುವಷ್ಟು ಹೊತ್ತು ದಂಧೆ ನಡೆಯುತ್ತದೆ. ಕಣ್ಣು ತೆರೆದ ದಿನ ಮೊದಲು ಸಿಗುವುದು ರಸ್ತೆ ಮೇಲಿನ ಗಾಡಿ.

ಆಗ ಬೀಳುವ ಪೆಟ್ಟು ಸಣ್ಣದಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಡಿ ಮೊದಲಿದ್ದ ಜೈಲು ಶಿಕ್ಷೆ ತೆಗೆದು, 2024ರ ಏಪ್ರಿಲ್‌ನಿಂದ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದ್ದಾರೆ. ಗಾಡಿಯ ಮೈಕಟ್ಟು ಬದಲಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ ಕೇಸು ಬೇರೆ. ಕಂತಿನ ಮೇಲೆ ಗಾಡಿ, ಸಾಲದ ಮೇಲೆ ಆಂಪ್ಲಿಫೈಯರ್ ತಂದವನಿಗೆ ಒಂದು ಸೀಸನ್ ಗಾಡಿ ಠಾಣೆಯಲ್ಲಿ ನಿಂತರೆ ಸಾಕು, ಮನೆ ಮುರಿಯುತ್ತದೆ.

ಕಿವಿಯ ಲೆಕ್ಕ

ಹಾಗಂತ ಡಿಜೆ ವಿರೋಧಿಸುವವರು ಹೇಳುವುದು ಸುಳ್ಳಲ್ಲ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ಸಂಸ್ಥೆ ಒಂದು ಲೆಕ್ಕ ಕೊಟ್ಟಿದೆ: 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಹೊತ್ತು ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬರೀ 15 ನಿಮಿಷ. 110 ಡೆಸಿಬಲ್ ಆದರೆ ಒಂದೂವರೆ ನಿಮಿಷ ಅಷ್ಟೇ. ಬೇಸ್ ಡಬ್ಬಿ ಮುಂದೆ ಮಗುವನ್ನು ಹೆಗಲ ಮೇಲೆ ಹೊತ್ತು ಕುಣಿಯುವ ತಂದೆಗೆ ಈ ಲೆಕ್ಕ ಯಾರೂ ಹೇಳಿಲ್ಲ. ಗೋಡೆಗೆ ಗೋಡೆ ತಾಗಿದ ಹಳೇ ಬೀದರಿನ ಗಲ್ಲಿಗಳಲ್ಲಿ ಶಬ್ದ ಹರಡಿ ಹೋಗಲು ಜಾಗವೂ ಇಲ್ಲ. ಒಳಗೆ ಮಲಗಿದ ಬಾಣಂತಿ, ಹೃದಯದ ಕಾಯಿಲೆಯ ಅಜ್ಜ ಎಲ್ಲಿ ಹೋಗಬೇಕು?

ಕುಣಿಯುವವರು ಒಂದು ದಿನ ಬರುತ್ತಾರೆ, ಆಪರೇಟರ್ ಹುಡುಗ ಸೀಸನ್ ಪೂರ್ತಿ ಅಲ್ಲೇ ನಿಲ್ಲುತ್ತಾನೆ. ಮೂವತ್ತಕ್ಕೇ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾದರೆ ಆ ಮೇಲೆ ಅವನು ಯಾವ ಹಾಡು ಕೂಡಿಸಿಯಾನು? ಕಿವಿಯೇ ಅವನ ಬಂಡವಾಳ.

ಡಿಜೆ ಆಗಬೇಕೆನ್ನುವವರಿಗೆ

'ಅಣ್ಣ, ನಾನೂ ಡಿಜೆ ಆಗ್ಬೇಕು' ಎನ್ನುವ ಹುಡುಗರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಒಂದು ಮಾತು: ಮೊದಲು ಗಾಡಿ ತರಬೇಡಿ, ಕೆಲಸ ಕಲೀರಿ. ಹಳೇ ಲ್ಯಾಪ್‌ಟಾಪ್, ಹೆಡ್‌ಫೋನ್, ಪುಕ್ಕಟೆ ಸಿಗುವ ಮಿಕ್ಸ್‌ನಂಥ ಸಾಫ್ಟ್‌ವೇರ್ ಇದ್ದರೆ ಶುರು ಮಾಡಬಹುದು. ಎರಡು ಹಾಡಿನ ಬಡಿತ ಕಿವಿಯಿಂದಲೇ ಕೂಡಿಸುವುದು, ಎಲ್ಲಿ ಬೇಸ್ ಇಳಿಸಿ ಎಲ್ಲಿ ಏರಿಸಬೇಕು, ಆಂಪ್ಲಿಫೈಯರ್ ಹರಿಯದಂತೆ ಮಟ್ಟ ಇಡುವುದು ಕಲೀರಿ. ಶಬ್ದ ಏರಿಸುವುದು ಯಾರಿಗಾದರೂ ಬರುತ್ತದೆ, ಜನರನ್ನು ಕುಣಿಸುವುದು ಎಲ್ಲರಿಗೂ ಬರುವುದಿಲ್ಲ. ಈ ಕೆಲಸ ಬಂದರೆ ನಾಳೆ ಮೆರವಣಿಗೆ ನಿಂತರೂ ಸಭೆ, ನಾಟಕ, ಮದುವೆ ಹಾಲ್, ರೆಕಾರ್ಡಿಂಗ್ ಎಲ್ಲ ಕಡೆ ಸೌಂಡ್ ಕೆಲಸ ಇದೆ.

ಇದು ಬರೀ ಉಪದೇಶ ಅಲ್ಲ. ನಮ್ಮ ಪಕ್ಕದ ಹೈದರಾಬಾದಿನಲ್ಲಿ ಪೊಲೀಸರು 2024ರ ಅಕ್ಟೋಬರ್‌ನಲ್ಲಿ ಧಾರ್ಮಿಕ ಮೆರವಣಿಗೆಗಳಲ್ಲಿ ಡಿಜೆ ನಿಷೇಧಿಸಿದರು. ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಮಹಾರಾಷ್ಟ್ರ ಇರುವ ಗಡಿ ಜಿಲ್ಲೆ ನಮ್ಮದು. ಆ ಗಾಳಿ ಇಲ್ಲಿಗೆ ಬರಲು ಹೆಚ್ಚು ದಿನ ಬೇಕಿಲ್ಲ. ಗಾಡಿ ಮೇಲೆ ಮಾತ್ರ ನಂಬಿಕೆ ಇಟ್ಟವನು ಆವತ್ತು ಬೀದಿಗೆ ಬೀಳುತ್ತಾನೆ.

ಏನು ಮಾಡಬಹುದು?

ಹಬ್ಬದ ಮುಂಚೆ ಶಾಂತಿ ಸಭೆ ಕರೆಯುತ್ತಾರಲ್ಲ, ಅದಕ್ಕೆ ಡಿಜೆ ಮಾಲೀಕರನ್ನೂ ಆಪರೇಟರ್‌ಗಳನ್ನೂ ಕರೆಯಲಿ. ಎಷ್ಟು ಡಬ್ಬಿ, ಯಾವ ದಾರಿ, ಎಷ್ಟು ಹೊತ್ತು ಎಂಬುದನ್ನು ಬುಕಿಂಗ್ ಆಗುವ ಮುಂಚೆಯೇ ಬರೆದು ಹೇಳಲಿ, ಹಿಂದಿನ ರಾತ್ರಿ ಅಲ್ಲ. ಗಲ್ಲಿಯೊಳಗೆ ಹಲಗಿ, ಬ್ಯಾಂಡ್ ಸಾಕು. ದೊಡ್ಡ ಸೌಂಡ್ ಬೇಕಾದರೆ ಊರ ಹೊರಗಿನ ಬಯಲು ಗೊತ್ತು ಮಾಡಿ, ಅಲ್ಲೂ ಮಿತಿ ಅಳೆಯಲಿ. ನಿಯಮ ಮೀರಿದರೆ ಕೇಸು ಗಾಡಿಯವನ ಮೇಲೆ ಮಾತ್ರ ಅಲ್ಲ, 'ಇನ್ನೂ ಜೋರ್ ಮಾಡು' ಎಂದು ದುಡ್ಡು ಕೊಟ್ಟವರ ಮೇಲೂ ಆಗಲಿ. ಆಪರೇಟರ್ ಕಿವಿಗೆ ಇಯರ್‌ಪ್ಲಗ್ ಕೊಡುವುದು ಮಾಲೀಕನ ಜವಾಬ್ದಾರಿ ಆಗಲಿ, ಅದಕ್ಕೆ ಲಕ್ಷ ರೂಪಾಯಿ ಬೇಕಿಲ್ಲ.

ಮುಂದಿನ ಸಲ 'ಡಿಜೆ ಬಂತೇನು?' ಅನ್ನುವ ಬದಲು 'ಡಿಜೆ ಬಂದನೇನು?' ಎಂದು ಕೇಳೋಣ. ಹೆಸರು ಹಿಡಿದು ಕರೆದರೆ ಅವನಿಗೆ ಮರ್ಯಾದೆಯೂ ಬರುತ್ತದೆ, ಜವಾಬ್ದಾರಿಯೂ ಬರುತ್ತದೆ.